ಬಳಪದ ಡಬ್ಬಿ: ಸಾಸಿವೆ ಕಾಳಿನ ಭೂಮಿ, ಹುಣಸೆ ಬೀಜದ ಲೆಕ್ಕ

(33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿಯೊಬ್ಬರು ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ತಿಂಗಳಿಗೆರಡು ಪ್ರಾಜೆಕ್ಟ್ ಕೊಡುತ್ತಾರೆ. ಮೊನ್ನೆ ಸೌರಮಂಡಲ ಮಾಡಿಕೊಂಡು ಬಾ ಅಂದಿದ್ದರು. ರಾತ್ರಿ ಹನ್ನೊಂದೂವರೆಗೆ ಥರ್ಮಾಕೋಲ್ ಚೆಂಡುಗಳಿಗೆ ಬಣ್ಣ ಹಚ್ಚುತ್ತಾ ಕೂತಿದ್ದವಳು ನಾನು. ಅವನು ನಿದ್ದೆ ಮಾಡುತ್ತಿದ್ದ. ಸಾಮಾನಿಗೇ 480 ರೂಪಾಯಿ ಆಯಿತು. 'ಎಕ್ಸಲೆಂಟ್' ಅಂತ ಬಂತು. ಇದನ್ನೇ ಕ್ರಿಯಾಶೀಲ ಕಲಿಕೆ ಅನ್ನುತ್ತಾರಾ ಮೇಡಂ?
– ಓರ್ವ ತಾಯಿ, ದಾವಣಗೆರೆ

ಮೊದಲು ಅಭಿನಂದನೆ. ಆ 'ಎಕ್ಸಲೆಂಟ್' ನಿಮ್ಮದೇ.

ತಮಾಷೆ ಬಿಡಿ, ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಒಂದು ವರ್ಷ ನಾನು ಎತ್ತಿನ ಗಾಡಿ ಮಾಡಿಕೊಂಡು ಬನ್ನಿ ಅಂದಿದ್ದೆ. ಬಡಗಿಯೊಬ್ಬರ ಮಗ ತಂದ ಗಾಡಿ ಎಷ್ಟು ಚೆನ್ನಾಗಿತ್ತು ಅಂದರೆ, ಅದನ್ನು ಆಫೀಸ್ ರೂಮಿನ ಮೇಜಿನ ಮೇಲೆ ಇಟ್ಟೆವು. ಇನ್ನೊಬ್ಬಳು ಬೆಂಡಿನ ತುಂಡಿಗೆ ಎರಡು ಸೋಡಾ ಮುಚ್ಚಳ ಸಿಕ್ಕಿಸಿಕೊಂಡು ಬಂದಿದ್ದಳು. ಗಾಡಿ ಒಂದು ಕಡೆಗೆ ವಾಲುತ್ತಿತ್ತು. ಯಾಕೆ ವಾಲುತ್ತೆ ಅಂತ ಅವಳೇ ಕೂತು, ಒಂದು ಮುಚ್ಚಳದ ತೂತು ನಡುವೆ ಬಿದ್ದಿಲ್ಲ ಅಂತ ಕಂಡುಹಿಡಿದಳು. ನಾನು ಬಹುಮಾನ ಕೊಟ್ಟದ್ದು ಬಡಗಿಯ ಗಾಡಿಗೆ. ಆ ಹುಡುಗಿ ತನ್ನ ಗಾಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಇನ್ನು ಆ ಥರ್ಮಾಕೋಲ್ ಸೌರಮಂಡಲದ ವಿಷಯ. ಅದರಲ್ಲಿ ಸೂರ್ಯ ಕಿತ್ತಳೆ ಹಣ್ಣಿನಷ್ಟು, ಭೂಮಿ ನಿಂಬೆಹಣ್ಣಿನಷ್ಟು, ಎಲ್ಲವೂ ಪಕ್ಕಪಕ್ಕದಲ್ಲಿ ತಂತಿಗೆ ಚುಚ್ಚಿಕೊಂಡು ಕೂತಿರುತ್ತವೆ. ಕಷ್ಟಪಟ್ಟು ದುಡ್ಡು ಖರ್ಚು ಮಾಡಿ ಮಗುವಿಗೆ ತಪ್ಪು ಹೇಳಿಕೊಟ್ಟ ಹಾಗೆ.

ಈ ಭಾನುವಾರ ಒಂದು ಕೆಲಸ ಮಾಡಿ. ಮಗನ ಫುಟ್‌ಬಾಲ್ ತಗೊಳ್ಳಿ, ಇಲ್ಲದಿದ್ದರೆ ಅಷ್ಟೇ ದಪ್ಪದ ಕುಂಬಳಕಾಯಿ. ಅಡ್ಡಗಲ ಸುಮಾರು 22 ಸೆಂಟಿಮೀಟರ್. ಅದು ಸೂರ್ಯ. ಸೂರ್ಯನ ಅಡ್ಡಗಲ ಭೂಮಿಯ 109 ಪಟ್ಟು. ಹಾಗಾದರೆ ಭೂಮಿ 2 ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳು. ಈಗ ಅವನನ್ನೇ ಕೇಳಿ, ಕುಂಬಳಕಾಯಿಯಿಂದ ಎಷ್ಟು ದೂರದಲ್ಲಿ ಸಾಸಿವೆ ಇಡೋಣ? ಮೇಜಿನ ಆ ತುದಿ ಅನ್ನುತ್ತಾನೆ. ಇಡಬೇಕಾದದ್ದು 23–24 ಮೀಟರ್ ಆಚೆ. ಮನೆಯೊಳಗೆ ಜಾಗ ಸಾಲದು, ಬೀದಿಗೆ ಬರಬೇಕು. ಗುರು ಗ್ರಹಕ್ಕೆ ಒಂದು ಬೆಟ್ಟದ ನೆಲ್ಲಿಕಾಯಿ ಸಾಕು, ಆದರೆ ಅದು ಇರೋದು 120 ಮೀಟರ್ ದೂರದಲ್ಲಿ. ನೆಪ್ಚೂನ್ ಒಂದು ಕಡಲೆಕಾಳು. ಅದನ್ನು ಹಿಡಿದುಕೊಂಡು 700 ಮೀಟರ್ ನಡೆಯಬೇಕು, ಬಹುಶಃ ನಿಮ್ಮ ಬಸ್‌ಸ್ಟಾಪ್ ದಾಟಿ. ಚಂದ್ರ ಮಾತ್ರ ನಮ್ಮ ಸಾಸಿವೆಯಿಂದ ಬರೀ 6 ಸೆಂಟಿಮೀಟರ್. 2023ರ ಆಗಸ್ಟ್ 23ರಂದು ಚಂದ್ರಯಾನ-3 ಹೋಗಿ ಇಳಿದದ್ದು ಆ ಆರು ಸೆಂಟಿಮೀಟರ್ ಆಚೆ ಅಂತ ತೋರಿಸಿ. ಮಗನ ಮುಖ ನೋಡಿ ಆಮೇಲೆ.

ಖರ್ಚು ಏನೂ ಇಲ್ಲ. ಕುಂಬಳಕಾಯಿ ರಾತ್ರಿ ಹುಳಿಗೆ ಆಗುತ್ತೆ.

ಶಾಲೆಯವರ ಜೊತೆ ಜಗಳ ಬೇಡ. ಪೋಷಕರ ಸಭೆಯಲ್ಲಿ ಒಂದೇ ಮಾತು ಕೇಳಿ: 'ಪ್ರಾಜೆಕ್ಟನ್ನು ಶಾಲೆಯಲ್ಲೇ, ಮಕ್ಕಳ ಕೈಯಲ್ಲೇ ಮಾಡಿಸ್ತೀರಾ? ಹೇಗೆ ಬಂದರೂ ನಮಗೆ ಸರಿ.' ಕೊನೆಯ ಮಾತು ಮುಖ್ಯ. ಎಷ್ಟೋ ಟೀಚರುಗಳು ಅಂದವಾಗಿ ಬೇಕು ಅನ್ನೋದು ಪೋಷಕರ ಹೆದರಿಕೆಗೇ.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಮೂರು, ನಾಲ್ಕು, ಐದನೇ ತರಗತಿಗಳು ಒಂದೇ ಕೋಣೆಯಲ್ಲಿ, ಒಟ್ಟು 42 ಮಕ್ಕಳು. ಗಣಿತ ಅಂದರೆ ತಲೆ ತಗ್ಗಿಸುತ್ತಾರೆ. ತರಬೇತಿಗೆ ಹೋದಾಗಲೆಲ್ಲ 'ಚಟುವಟಿಕೆ ಮಾಡಿಸಿ' ಅನ್ನುತ್ತಾರೆ. ಸಾಮಾನು ಎಲ್ಲಿಂದ ತರಲಿ? ಮೂರು ತರಗತಿಗೆ ಒಟ್ಟಿಗೆ ಏನು ಮಾಡಿಸಲಿ?
– ಶಿಕ್ಷಕ, ರಾಯಚೂರು ಜಿಲ್ಲೆ

ಮೇಷ್ಟ್ರೇ, ನಿಮ್ಮೂರಲ್ಲಿ ಹುಣಸೆ ಮರ ಇದೆ ತಾನೇ? ಸಾಮಾನು ಬಂತು.

ಹುಣಸೆ ಬೀಜವನ್ನು ಒರಟು ಕಲ್ಲಿಗೆ ಒಂದು ಕಡೆ ಉಜ್ಜಿದರೆ ಬಿಳಿ ಕಾಣಿಸುತ್ತೆ. ಅಂಥ ನಾಲ್ಕು ಬೀಜ ಮತ್ತು ನೆಲದ ಮೇಲೆ ಬಳಪದಲ್ಲಿ ಬರೆದ 25 ಮನೆ. ಚೌಕಾಬಾರ. ನಿಮ್ಮ ಕಡೆ ಬೇರೆ ಹೆಸರಿರಬಹುದು, ಆಟ ಅದೇ. ಬೀಜ ಎಸೆದಾಗ ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ.

ಮೊದಲ ಎರಡು ದಿನ ಸುಮ್ನೆ ಆಡಲಿ. ಗಣಿತ ಅನ್ನೋ ಮಾತೇ ಎತ್ತಬೇಡಿ. ಮೂರನೇ ದಿನ ಜಗಳ ತಾನಾಗಿ ಬರುತ್ತೆ. ನಮ್ಮಲ್ಲಿ ಒಬ್ಬ ಹುಡುಗ ಬೀಜಕ್ಕೆ ಊದಿ ಎಸೆದರೆ ಬಾರ ಬೀಳುತ್ತೆ ಅಂತ ಸಾಧಿಸುತ್ತಿದ್ದ. ಉಳಿದವರು ಅವನು ಕಳ್ಳಾಟ ಆಡ್ತಾನೆ ಅಂತ ಗಲಾಟೆ. ನಾನು ಇಬ್ಬರ ಕಡೆಗೂ ಹೋಗಲಿಲ್ಲ. 'ಎಣಿಸಿ ನೋಡೋಣ' ಅಂದೆ. ನಾಲ್ಕು ಗುಂಪು, ಗುಂಪಿಗೆ 40 ಸಲ ಎಸೆಯೋದು, ಒಬ್ಬರು ಎಸೆದರೆ ಇನ್ನೊಬ್ಬರು ಗೋಡೆಯ ಹಲಗೆ ಮೇಲೆ ಗೀಟು ಎಳೆಯೋದು. ಐದಕ್ಕೊಂದು ಕಟ್ಟು. ಎಸೆಯುವವರೂ ಬರೆಯುವವರೂ ಹತ್ತು ಸಲಕ್ಕೊಮ್ಮೆ ಬದಲಾಗಬೇಕು. ಇಲ್ಲದಿದ್ದರೆ ದೊಡ್ಡ ಹುಡುಗರೇ ಬೀಜ ಬಿಡೋದಿಲ್ಲ, ಇದು ನಾನು ಏಟು ತಿಂದು ಕಲಿತದ್ದು.

ಒಟ್ಟು 160 ಸಲ ಎಸೆದಾಗ ನಮಗೆ ಬಂದದ್ದು: ಒಂದು 43 ಸಲ, ಎರಡು 57, ಮೂರು 38, ಚೌಕ 9, ಬಾರ 13. ಊದಿದವನ ಬಾಯಿ ಮುಚ್ಚಿತು. ಆದರೆ ಅವನೇ ಕೇಳಿದ ಪ್ರಶ್ನೆ ಇಡೀ ಪಾಠವನ್ನು ಎತ್ತಿಕೊಟ್ಟಿತು. 'ಹಂಗಾದ್ರೆ ಎರಡೇ ಯಾಕೆ ಜಾಸ್ತಿ ಬೀಳ್ತದೆ ಟೀಚರ್?'

ಇಲ್ಲಿ ನೀವು ಉತ್ತರ ಹೇಳಿದಿರೋ, ಆಟ ಕೆಟ್ಟಿತು. ನಾಲ್ಕು ಮಕ್ಕಳನ್ನು ಮುಂದೆ ಕರೆಯಿರಿ. ಅವರೇ ನಾಲ್ಕು ಬೀಜ. ನಿಂತರೆ ಬಿಳಿ, ಕೂತರೆ ಕಪ್ಪು. ಒಮ್ಮೆ ನಿಂತ ಹಾಗೆ ಮತ್ತೊಮ್ಮೆ ನಿಲ್ಲುವ ಹಾಗಿಲ್ಲ, ಎಷ್ಟು ಥರ ನಿಲ್ಲಬಹುದು ಅಂತ ಉಳಿದವರು ಹೇಳಬೇಕು. ಎಲ್ಲರೂ ಕೂರೋದು ಒಂದೇ ಥರ. ಒಬ್ಬರೇ ನಿಲ್ಲೋದು ನಾಲ್ಕು ಥರ. ಇಬ್ಬರು ನಿಲ್ಲೋದಕ್ಕೆ ಬಂದಾಗ ಕೂಗಾಟ ಶುರುವಾಗುತ್ತೆ, ಐದು ಅಂತ ಒಬ್ಬರು, ಎಂಟು ಅಂತ ಒಬ್ಬರು. ನಿಲ್ಲಿಸಿ, ಕೂರಿಸಿ, ಬರೆದು, ಕೊನೆಗೆ ಆರು ಅಂತ ಗೊತ್ತಾಗುತ್ತೆ. ಮೂವರು ನಿಲ್ಲೋದು ಮತ್ತೆ ನಾಲ್ಕು, ಎಲ್ಲರೂ ನಿಲ್ಲೋದು ಒಂದು. ಒಟ್ಟು ಹದಿನಾರು. ಎರಡಕ್ಕೆ ಆರು ದಾರಿ ಇವೆ, ಬಾರಕ್ಕೆ ಒಂದೇ ದಾರಿ. ಕಾಲೇಜಿನಲ್ಲಿ ಹೇಳಿಕೊಡುವ ಸಂಭವನೀಯತೆ ಇದು. ಮೂರನೇ ಕ್ಲಾಸಿನ ಮಕ್ಕಳು ಎದ್ದು ಕೂತು ಮಾಡಿ ಮುಗಿಸಿರುತ್ತಾರೆ.

ಮೂರು ತರಗತಿಗೂ ಕೆಲಸ ಇದರಲ್ಲೇ ಇದೆ. ಮೂರನೆಯವರು ಗೀಟಿನ ಕಟ್ಟುಗಳನ್ನು ಐದೈದಾಗಿ ಎಣಿಸಲಿ, ಐದರ ಮಗ್ಗಿ ಬಾಯಿಪಾಠ ಇಲ್ಲದೇ ಬರುತ್ತೆ. ನಾಲ್ಕನೆಯವರು ಒಂದೊಂದು ಅಂಕಿಗೆ ಎಷ್ಟು ಗೀಟೋ ಅಷ್ಟು ಬೀಜ ಸಾಲಾಗಿ ಜೋಡಿಸಲಿ, ಅದು ಸ್ತಂಭ ನಕ್ಷೆ. ಐದನೆಯವರು ಹದಿನಾರರಲ್ಲಿ ಆರು ಅಂದರೆ ಎಂಟರಲ್ಲಿ ಮೂರು ಯಾಕೆ ಅಂತ ಭಿನ್ನರಾಶಿಯಲ್ಲಿ ಬರೆಯಲಿ.

ಇನ್ನೊಂದು ವರ್ಷ ಒಂದು ಗುಂಪಿಗೆ ಬಾರ ಕಂಡಾಪಟ್ಟೆ ಬಂತು. ಲೆಕ್ಕಾನೇ ತಲೆಕೆಳಗು. ನೋಡಿದರೆ ಬೀಜ ಸರಿಯಾಗಿ ಉಜ್ಜಿರಲಿಲ್ಲ, ಒಂದು ಕಡೆ ಉಬ್ಬಿತ್ತು. ಎಷ್ಟು ಉಜ್ಜಿದರೆ ಬೀಜ ನ್ಯಾಯವಾಗಿ ಬೀಳುತ್ತೆ ಅಂತ ಒಬ್ಬ ಹುಡುಗಿ ವಾರವೆಲ್ಲ ಉಜ್ಜಿದಳು, ಎಸೆದಳು, ಬರೆದಳು. ನಾನು ಆ ವಾರ ಅವಳಿಗೆ ಬೇರೇನೂ ಪಾಠ ಮಾಡಲಿಲ್ಲ. ಪೋರ್ಷನ್ ಹಿಂದೆ ಬಿತ್ತು ನಿಜ.

ಗದ್ದಲ ಆಗುತ್ತೆ, ಆಗಲಿ. ಒಬ್ಬ ಸಾಹೇಬರು ಬಾಗಿಲಲ್ಲಿ ನಿಂತು 'ಇದೇನಮ್ಮ, ಮಕ್ಕಳ ಕೈಲಿ ಜೂಜಾಡಿಸ್ತಿದ್ದೀರಾ?' ಅಂತ ನನ್ನನ್ನೇ ಕೇಳಿದ್ದುಂಟು. ಗೀಟಿನ ಪಟ್ಟಿ ತೋರಿಸಿದೆ. ಅವರೂ ಕೂತು ನಾಲ್ಕು ಸಲ ಎಸೆದು ಹೋದರು, ಎರಡು ಸಲ ಎರಡೇ ಬಿತ್ತು. ಚೌಕಾಬಾರ ಹಳತಾದ ಮೇಲೆ ಅಳಗುಳಿ ಮಣೆ ತನ್ನಿ. ಹದಿನಾಲ್ಕು ಗುಳಿ, ಗುಳಿಗೆ ಐದು ಬೀಜ. ಗುಣಾಕಾರ, ಭಾಗಾಕಾರ, ಶೇಷ, ಮೂರೂ ಅಲ್ಲೇ ಇವೆ.

ಪ್ರಶ್ನೆ: ಬೇಸಿಗೆ ಶಿಬಿರಕ್ಕೆ 8 ಸಾವಿರ ಕೇಳುತ್ತಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗಳನ್ನು ಸೇರಿಸಲಾ?
– ತುಮಕೂರು

ಇಬ್ಬರೂ ಕೆಲಸಕ್ಕೆ ಹೋಗ್ತೀರಿ ಅಂದ ಮೇಲೆ ಸೇರಿಸಿ, ಅದಕ್ಕೆ ಬೇಸರ ಬೇಡ. ಮೊದಲ ವಾರದ ಕೊನೆಗೆ ಮಗಳು ಮನೆಗೆ ಏನು ತಂದಳು ನೋಡಿ. ಮೂವತ್ತು ಮಕ್ಕಳ ಕೈಯಲ್ಲೂ ಒಂದೇ ಅಚ್ಚಿನ ಕಾಗದದ ಗಿಳಿ ಇದ್ದರೆ ಮುಂದಿನ ವರ್ಷ ಆ ಶಿಬಿರ ಬೇಡ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥದ್ದು ನಿಮ್ಮೂರಲ್ಲಿ ಇದ್ದರೆ ಕಣ್ಣು ಮುಚ್ಚಿ ಸೇರಿಸಿ. ನಾಟಕದಲ್ಲಿ ಮರವಾಗಿ ನಿಲ್ಲುವ ಮಗು ಕೂಡ ಕಲಿಯುತ್ತೆ, ಕಾಯೋದನ್ನು.

ಪ್ರಶ್ನೆ: ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರು ಬರುತ್ತಾರೆ, ಹತ್ತು ಮತ್ತು ಏಳು ವರ್ಷ. ಎರಡು ದಿನ ತೋಟ, ಹಳ್ಳ ಅಂತ ಓಡಾಡುತ್ತಾರೆ. ಮೂರನೇ ದಿನದಿಂದ ಮೊಬೈಲು. ಈ ಮುದುಕ ಅವರಿಗೆ ಏನು ಕಲಿಸಬಲ್ಲೆ?
– ಅಜ್ಜ, ಶಿರಸಿ ತಾಲ್ಲೂಕು

ಏನೂ ಕಲಿಸಬೇಡಿ ರಾಯರೇ. ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದುಕೊಂಡು ಅವರ ಜೊತೆ ಕೂತುಕೊಳ್ಳಿ.

ಏಪ್ರಿಲ್ ಕೊನೆಗೆ ಮಕ್ಕಳು ಅಲ್ಲಿರುತ್ತಾರೆ ಅಲ್ವಾ? ಅಂಗಳದಲ್ಲಿ ಒಂದು ನೆಟ್ಟಗಿನ ಕೋಲು ಹುಗಿಯಿರಿ. ಹನ್ನೊಂದು ಗಂಟೆಯಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಅಡಿಕೆ ಇಡಲಿ. ನೆರಳು ಎಲ್ಲಕ್ಕಿಂತ ಚಿಕ್ಕದಾಗೋದು ಯಾವಾಗ ಅಂತ ಮೊದಲೇ ಪಂಥ ಕಟ್ಟಿ. ಮಕ್ಕಳು ಹನ್ನೆರಡು ಗಂಟೆಗೆ ಅನ್ನುತ್ತಾರೆ, ನೀವೂ ಹಾಗೇ ಅನ್ನಬಹುದು. ಎಲ್ಲರೂ ಸೋಲುತ್ತೀರಿ! ಶಿರಸಿಯಲ್ಲಿ ಅದು ಹನ್ನೆರಡೂವರೆಯ ಹತ್ತಿರ. ನಮ್ಮ ಗಡಿಯಾರವೆಲ್ಲ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಿಮ್ಮೂರು ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ, ಸೂರ್ಯ ಅಲ್ಲಿಗೆ ಬರೋದು ಅರ್ಧ ಗಂಟೆ ತಡ.

ಇನ್ನೂ ಒಂದು ಮಜಾ ಇದೆ. ಏಪ್ರಿಲ್ ಕೊನೆಯ ದಿನಗಳಲ್ಲೇ ನಿಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತೆ, ಕಾಣಿಸೋದೇ ಇಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ ಆಗಿಹೋಗಿರುತ್ತೆ. ಹಾಗಾಗಿ ಊರಲ್ಲಿ ತಪ್ಪಿಸಿಕೊಂಡ ನೆರಳನ್ನು ಮಕ್ಕಳು ಅಜ್ಜನ ಮನೆಯಲ್ಲಿ ಹಿಡಿಯಬಹುದು. ಯಾವ ದಿನ ಅಂತ ನಾನು ಹೇಳೋದಿಲ್ಲ. ದಿನಾ ಅಡಿಕೆ ಇಟ್ಟು ಅವರೇ ಕಂಡುಹಿಡಿಯಲಿ.

ಮೇ ಕೊನೆಗೆ ಅವರು ಹೊರಟಾಗ ಕೈಗೆ ಒಂದು ಬಾಟಲಿ ಕೊಟ್ಟು ಕಳಿಸಿ. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರಬೇಕು, ತಳ ಚಪ್ಪಟೆ ಇರಬೇಕು. ಅಂಥದ್ದೇ ಇನ್ನೊಂದು ನಿಮ್ಮ ಹತ್ತಿರ ಇರಲಿ. ಬಯಲಲ್ಲಿ ಇಟ್ಟು ದಿನಾ ಬೆಳಿಗ್ಗೆ ಸ್ಕೇಲಿನಿಂದ ಅಳೆದರೆ ಅದೇ ಮಳೆ ಲೆಕ್ಕ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಭಾನುವಾರ ಫೋನಿನಲ್ಲಿ 'ನಮ್ಮಲ್ಲಿ ಇಷ್ಟು, ನಿಮ್ಮಲ್ಲಿ ಎಷ್ಟು?' ಅಂತ ಕೇಳಿ. ಜುಲೈನಲ್ಲಿ ನಿಮ್ಮ ಬಾಟಲಿಯ ಮುಂದೆ ಅವರದ್ದು ಎಂಥದ್ದೂ ಅಲ್ಲ. 'ನಮ್ಮ ಮನೆ ಚಾವಣಿ ಮೇಲೆ ಎಷ್ಟು ಲೀಟರ್ ಬಿತ್ತು ಅಜ್ಜ?' ಅಂತ ಹತ್ತು ವರ್ಷದವನು ಕೇಳುವ ದಿನ ದೂರ ಇಲ್ಲ. ಮೊಬೈಲೂ ಕೆಲಸಕ್ಕೆ ಬಂತಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಭಾನುವಾರ ಹನ್ನೆರಡು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ವಾರಕ್ಕೆ ಒಂದೇ ಗಂಟೆ. ಅ, ಆ, ಇ, ಈ ಶುರು ಮಾಡಿ 'ಋ' ತಲುಪುವ ಹೊತ್ತಿಗೆ ಅರ್ಧ ಮಕ್ಕಳು ಬರೋದು ಬಿಡುತ್ತಾರೆ.
– ಗೃಹಿಣಿ, ನ್ಯೂಜೆರ್ಸಿ

ಋ ತನಕ ಕೂತಿದ್ದೇ ದೊಡ್ಡದು ಕಣಮ್ಮ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ, ಅಂದರೆ ಮಕ್ಕಳು ಕಾರ್ಡು ಹಿಡಿದು ನಲಿಯುತ್ತಾ ಕಲಿಯುವ ಪದ್ಧತಿ, ಶುರುವಾಯಿತು. ಯುನಿಸೆಫ್ ನೆರವಿತ್ತು. ನಮ್ಮ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಕೂತು ಕಾರ್ಡುಗಳನ್ನು ತಾವೇ ಬರೆದರು. ನಾನು ಆಗ ಆ ತಾಲ್ಲೂಕಿನಲ್ಲಿ ಕೆಲಸಕ್ಕಿದ್ದೆ. ಮೊದಲು ಕಾರ್ಡು ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಅ ಆ ಇ ಈ ಎಲ್ಲಿ? ಅಲ್ಲಿ ಮೊದಲು ಬರೋದು ರ, ಗ, ಸ, ದ, ಅ! ಬರೆಯುವಾಗ ಕೈ ತಿರುಗುವ ರೀತಿ ಹತ್ತಿರ ಹತ್ತಿರ ಇರುವ ಅಕ್ಷರಗಳು.

ಒಂದು ವಾರ ಕಳೆಯಿತು. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಅಂತ ಓದುತ್ತಾ ಬಂದು ನಿಂತಿತು. ಗರಗಸ ಅನ್ನೋದು ಒಂದನೇ ಕ್ಲಾಸಿನ ಮಗುವಿಗೆ ಎಂಥ ದೊಡ್ಡ ಪದ! ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆಮೇಲೆ ಜ, ವ, ಮ, ಬ, ನ. ಹತ್ತು ಅಕ್ಷರಕ್ಕೆ 'ಅವನ ಮಗ ಬಸವ' ಅಂತ ಇಡೀ ವಾಕ್ಯ ಬಂತು. ದೀರ್ಘ ಇಲ್ಲ, ಒತ್ತಕ್ಷರ ಇಲ್ಲ.

ನಿಮ್ಮ ಮಕ್ಕಳಿಗೆ ಈ ಹತ್ತು ಅಕ್ಷರವನ್ನು ರಟ್ಟಿನ ಚೀಟಿಯಲ್ಲಿ ಬರೆದು ಕೊಡಿ. ಒಂದೊಂದಕ್ಕೆ ಮೂರು ಮೂರು ಚೀಟಿ ಇರಲಿ. ಪದ ಕಟ್ಟಲಿ. ಅರ್ಥ ಇಲ್ಲದ ಪದವನ್ನೂ ಕಟ್ಟಲಿ, ಮನೆಗೆ ಹೋಗಿ ಅಜ್ಜಿಗೆ ಫೋನ್ ಮಾಡಿ 'ಇಂಥದ್ದೊಂದು ಪದ ಇದೆಯಾ?' ಅಂತ ಕೇಳಲಿ. ಎಷ್ಟೋ ಸಲ ಇರುತ್ತೆ, ಅಜ್ಜಿಗೆ ಮಾತ್ರ ಗೊತ್ತಿರುತ್ತೆ.

ಅಕ್ಷರಗಳೆಲ್ಲ ಬಂದ ಮೇಲೆ ಅಡುಗೆಮನೆಯ ಡಬ್ಬಿಗಳಿಗೆ ಹೆಸರು ಬರೆದು ಅಂಟಿಸುವ ಕೆಲಸ ಕೊಡಿ. ತಪ್ಪಾಗಿ ಬರೆದರೆ ನೀವು ತಿದ್ದಬೇಕಿಲ್ಲ. ಮೆಂತ್ಯದ ಡಬ್ಬಿ ಮೇಲೆ ಸಾಸಿವೆ ಅಂತ ಬರೆದಿದ್ದರೆ ಒಗ್ಗರಣೆಯೇ ತಿದ್ದುತ್ತೆ.

ಪ್ರಶ್ನೆ: ಟೀಚರ್, ನಾನು ಏಳನೇ ತರಗತಿ. ನಮಗೆ ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲ. ಮೊದಲು ಖುಷಿ ಆಗ್ತಿತ್ತು. ಈಗ ಸುಮ್ನೆ ಟಿವಿಯಲ್ಲಿ ಏನಾದ್ರೂ ಹಾಕಿ ಕೂರಿಸ್ತಾರೆ. ನಾವು ಏನಾದ್ರೂ ಮಾಡಬಹುದಾ?
– ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ಮಾಡಬಹುದು ಪುಟ್ಟಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಹತ್ತಿರ ಹೋಗಿ ಕಲಿಯಬೇಕು ಅಂತಲೇ ಬರೆದಿದ್ದಾರೆ. ನಿಮ್ಮ ಟೀಚರ್ ಹತ್ತಿರ ಹೋಗಿ 'ಟಿವಿ ಬೋರು' ಅನ್ನಬೇಡ. 'ಟೀಚರ್, ನಮಗೆ ಒಂದು ಪ್ಲಾನ್ ಇದೆ' ಅನ್ನು. ಒಪ್ಪುತ್ತಾರೆ. ಟಿವಿ ಹಾಕಿ ಕೂರಿಸುವವರಿಗೂ ಬೋರಾಗಿರುತ್ತೆ.

ಪ್ಲಾನ್ ಏನು ಅಂದರೆ ಹೂವು. ನಿಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರ, ಗುಡಿ ಹತ್ತಿರ, ಸಂತೆಯಲ್ಲಿ ಹೂ ಮಾರುವವರು ಇರುತ್ತಾರೆ. ಇವತ್ತಿಗೂ ಮೊಳದ ಲೆಕ್ಕಕ್ಕೇ ಕೊಡುತ್ತಾರೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿ. ಟೇಲರ್ ಹತ್ತಿರ ಇರುತ್ತಲ್ಲ, ಆ ಟೇಪು ತಗೊಂಡು ಮೊದಲು ನಿಮ್ಮ ತರಗತಿಯಲ್ಲಿ ಎಲ್ಲರ ಮೊಳ ಅಳೆಯಿರಿ, ಟೀಚರ್ ಮೊಳವನ್ನೂ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ನಡುವೆ ನಿಂತದ್ದು ಯಾರದು? ಆಮೇಲೆ ಮೂರು ಕಡೆ ಒಂದೊಂದು ಮೊಳ ಮಲ್ಲಿಗೆ ಕೊಂಡು ತಂದು ಅಳೆಯಿರಿ. ಹತ್ತು ಸೆಂಟಿಮೀಟರ್ ಹೂವಿಗೆ ಎಲ್ಲಿ ಎಷ್ಟು ಬಿತ್ತು? ನನ್ನ ಮೊಳ 43 ಸೆಂಟಿಮೀಟರ್. ನಾನು ಹೂ ಕೊಳ್ಳುವ ಅಜ್ಜಿಯದು 39. ನಾನು ದಿನಾ ಮೋಸ ಹೋಗ್ತಿದ್ದೀನಿ ಅಂತ ಅಂದುಕೊಂಡೆ. ಕಟ್ಟಿದ ಹೂವು ಎಣಿಸಿ ನೋಡಿದೆ. ಪಕ್ಕದ ಅಂಗಡಿಯ ಉದ್ದನೆ ಮೊಳಕ್ಕಿಂತ ಅಜ್ಜಿಯ ಗಿಡ್ಡ ಮೊಳದಲ್ಲೇ ಹೂವು ಜಾಸ್ತಿ, ಒತ್ತಾಗಿ ಕಟ್ಟಿದ್ದಳು. ಅದಕ್ಕೇ ಹೂವನ್ನೂ ಎಣಿಸಿ.

ಇನ್ನೊಂದು ಕೆಲಸ. 1956ರ ಕಾಯ್ದೆಯಿಂದ ನಮ್ಮ ದೇಶಕ್ಕೆ ಮೀಟರು, ಕಿಲೋ ಲೆಕ್ಕ ಬಂತು. ಅದಕ್ಕೂ ಮುಂಚೆ ನಿಮ್ಮೂರಲ್ಲಿ ಕಾಳು, ಎಣ್ಣೆ, ಬಟ್ಟೆ ಯಾವುದರಲ್ಲಿ ಅಳೆಯುತ್ತಿದ್ದರು ಅಂತ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಸೇರು, ಪಾವು ಯಾರದಾದರೂ ಅಟ್ಟದ ಮೇಲೆ ಇದ್ದರೆ ತಂದು ಅದರಲ್ಲಿ ಎಷ್ಟು ಮಿಲಿಲೀಟರ್ ನೀರು ಹಿಡಿಯುತ್ತೆ ನೋಡಿ.

ಅಂಗಡಿ ಮುಂದೆ ಟೇಪ್ ತೆಗೆಯಬೇಡಿ, ಕೊಂಡು ತಂದು ಶಾಲೆಯಲ್ಲಿ ಅಳೆಯಿರಿ. ಬೆಳಗಿನ ಬೋಣಿ ಹೊತ್ತಿಗೆ ಹೋಗಲೇಬೇಡಿ. ಹಾಗೂ ಯಾರಾದರೂ ಬೈದರೆ, ನನ್ನ ಹೆಸರು ಹೇಳಬೇಡ. ಮುಂದಿನ ತಿಂಗಳು ನಿಮ್ಮ ಟೀಚರ್ ಮೊಳ ಎಷ್ಟು ಬಂತು ಅಂತ ಮಾತ್ರ ಬರೆದು ಕಳಿಸು.